ಮಗನ ಸೀನು, ಕೆಮ್ಮಿಗೆಲ್ಲ ಬೆಕ್ಕೇ ಕಾರಣವಾ?

ಶಿವಮೊಗ್ಗದ ತಾಯಿಯೊಬ್ಬರು ಬರೆದಿದ್ದಾರೆ:

“ಡಾಕ್ಟ್ರೇ, ನಮ್ಮದು ಹಳೆಯ ಹೆಂಚಿನ ಮನೆ. ಮಗನಿಗೆ ಮೂರೂವರೆ ವರ್ಷ. ಕಳೆದ ಜೂನ್‌ನಲ್ಲಿ ನರ್ಸರಿಗೆ ಹಾಕಿದೆವು. ಅಲ್ಲಿಂದ ತಿಂಗಳಿಗೊಮ್ಮೆಯಾದರೂ ನೆಗಡಿ, ಜ್ವರ ಬರುತ್ತಿತ್ತು. ದೀಪಾವಳಿ ಹೊತ್ತಿಗೆ ದೊಡ್ಡ ಮಗಳ ಹಟಕ್ಕೆ ಒಂದು ಬೆಕ್ಕಿನ ಮರಿ ತಂದೆವು. ಅದು ಮಕ್ಕಳ ಹಾಸಿಗೆಯಲ್ಲೇ ಮಲಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಮಗನಿಗೆ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು. ಮೂಗು ನೀರಿನ ಹಾಗೆ ಸೋರುತ್ತದೆ. ಕಣ್ಣು, ಮೂಗು ಉಜ್ಜುತ್ತಲೇ ಇರುತ್ತಾನೆ. ಜ್ವರ ಇಲ್ಲ. ಬೆಕ್ಕನ್ನು ಮುಖಕ್ಕೆ ಒತ್ತಿಕೊಂಡು ಆಡುವಾಗ ಎರಡು ಸಲ ಕಣ್ಣು ಊದಿ, ಕೆನ್ನೆ ಮೇಲೆ ದದ್ದು ಎದ್ದಿತ್ತು. ಒಂದು ಗಂಟೆಯಲ್ಲಿ ಇಳಿಯಿತು. ಈಗ ಎರಡು ವಾರದಿಂದ ನಸುಕಿನಲ್ಲಿ ಕೆಮ್ಮು. ಕಾಲಿನ ಮೇಲೆ ತುರಿಕೆಯ ಗುಳ್ಳೆಗಳೂ ಇವೆ. ಲ್ಯಾಬ್‌ನಲ್ಲಿ ಅಲರ್ಜಿ ಪ್ಯಾಕೇಜ್ ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಬೆಕ್ಕು, ಧೂಳಿನ ನುಸಿ, ಜಿರಳೆ, ಮೊಟ್ಟೆ, ಗೋಧಿ ಎಲ್ಲವೂ ಪಾಸಿಟಿವ್. ಟೋಟಲ್ ಐಜಿಇ ಜಾಸ್ತಿ ಇದೆ. ಮೊಟ್ಟೆ, ಚಪಾತಿ ನಿಲ್ಲಿಸಿದ್ದೇವೆ. ಮಾಂಟೆಲುಕಾಸ್ಟ್ ಇರುವ ಸಿರಪ್ ಕೊಡುತ್ತಿದ್ದೇವೆ. ಅದು ಶುರುವಾದ ಮೇಲೆ ರಾತ್ರಿ ಕಿರುಚಿ ಏಳುತ್ತಾನೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ ಅಂತ ಅತ್ತೆ ಹೇಳುತ್ತಾರೆ. ಬೆಕ್ಕನ್ನು ಎಲ್ಲಾದರೂ ಬಿಟ್ಟು ಬರೋಣ, ಅಲರ್ಜಿ ಆಗದ ಗುಂಗುರು ಕೂದಲಿನ ನಾಯಿ ತರೋಣ ಅಂತ ನಮ್ಮ ಯಜಮಾನರು. ಮಗಳು ಅಳುತ್ತಾ ಕೂತಿದ್ದಾಳೆ. ಮರಿ ತಂದದ್ದೇ ತಪ್ಪಾಯಿತಾ?”

ಉತ್ತರ:

ಮೊದಲು ಸಿರಪ್ಪಿನ ವಿಷಯ, ಯಾಕೆಂದರೆ ಅದು ಇವತ್ತೇ ಆಗಬೇಕು. ಅಲರ್ಜಿಗೆ, ಅಸ್ತಮಾಕ್ಕೆ ಕೊಡುವ ಈ ಮಾಂಟೆಲುಕಾಸ್ಟ್ ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ನಿದ್ದೆಯಲ್ಲಿ ಕಿರುಚಾಟ, ಸಿಡುಕು, ಹಟ ತರುತ್ತದೆ. ಇದೇ ಕಾರಣಕ್ಕೆ 2020ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗೆ ತನ್ನ ಅತಿ ಗಟ್ಟಿಯಾದ ಎಚ್ಚರಿಕೆಯನ್ನು ಹಾಕಿಸಿತು. ಬರೀ ಮೂಗಿನ ಅಲರ್ಜಿಗೆ ಬೇರೆ ಔಷಧಿ ನಾಟದೇ ಇದ್ದರೆ ಮಾತ್ರ ಇದನ್ನು ಬಳಸಿ ಎಂದೂ ಹೇಳಿತು. ಮೂರು ವರ್ಷದ ಮಕ್ಕಳು ಯಾವ ಔಷಧಿ ಇಲ್ಲದೆಯೂ ರಾತ್ರಿ ಬೆಚ್ಚಿ ಕಿರುಚುವುದುಂಟು. ಆದರೆ ಸಿರಪ್ ಶುರುವಾದ ಮೇಲೆ ಶುರುವಾಯಿತು ಅಂತ ನೀವೇ ಬರೆದಿದ್ದೀರಿ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಈ ಮಾತು ತಿಳಿಸಿ. ಬದಲಿ ಔಷಧಿಗಳು ಬೇಕಾದಷ್ಟಿವೆ.

ಇನ್ನು ಬೆಕ್ಕಿನ ವಿಷಯ. ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ನಾಲ್ಕನ್ನೂ ಒಂದೇ ಮರಿಯ ತಲೆಗೆ ಕಟ್ಟಿದ್ದೀರಿ. ಪರೀಕ್ಷೆಯ ರಿಪೋರ್ಟನ್ನು ಸ್ವಲ್ಪ ಪಕ್ಕಕ್ಕಿಡಿ. ಯಾವುದು ಯಾವಾಗ ಶುರುವಾಯಿತು, ಏನಾದ ಮೇಲೆ ಎಷ್ಟು ಹೊತ್ತಿಗೆ ಆಯಿತು ಅಂತ ಮಾತ್ರ ನೋಡೋಣ. ಅಲರ್ಜಿ ಹಿಡಿಯುವುದು ಮುಖ್ಯವಾಗಿ ಇದರಿಂದಲೇ.

ಜೂನ್‌ನಿಂದ ದೀಪಾವಳಿವರೆಗೆ ಬಂದ ನೆಗಡಿ, ಜ್ವರಕ್ಕೆ ಬೆಕ್ಕು ಕಾರಣ ಆಗಲು ಸಾಧ್ಯವೇ ಇಲ್ಲ. ಆಗ ಅದು ನಿಮ್ಮ ಮನೆಯಲ್ಲೇ ಇರಲಿಲ್ಲ! ಅದು ನರ್ಸರಿಯ ಕೊಡುಗೆ. ಶಾಲೆಗೆ ಹೊಸದಾಗಿ ಹೋಗುವ ಮಗುವಿಗೆ ಮೊದಲ ವರ್ಷ ಎಂಟು ಹತ್ತು ಸಲ ನೆಗಡಿ ಆಗುವುದು ಮಾಮೂಲು. ಜ್ವರ ಬರುತ್ತದೆ, ಸಿಂಬಳ ಗಟ್ಟಿಯಾಗಿ ಹಳದಿಗೆ ತಿರುಗುತ್ತದೆ, ಮಗು ಸಪ್ಪಗಾಗುತ್ತದೆ, ವಾರ ಹತ್ತು ದಿನದಲ್ಲಿ ಬಿಡುತ್ತದೆ. ಅಲರ್ಜಿಗೆ ಜ್ವರ ಬರುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಅರ್ಧ ಗೊಂದಲ ಕಡಿಮೆ ಆಗುತ್ತದೆ.

ಕಾಲಿನ ಗುಳ್ಳೆಗಳನ್ನು ನಾನು ನೋಡಿಲ್ಲ. ಆದರೆ ಮೊಣಕಾಲಿನ ಕೆಳಗೆ, ಮೂರು ನಾಲ್ಕು ಗುಂಪಾಗಿ, ನಡುವೆ ಸಣ್ಣ ಚುಕ್ಕೆ ಇರುವ ಗುಳ್ಳೆಗಳಾದರೆ ಅದು ಚಿಗಟ ಕಚ್ಚಿದ್ದು. ಬೆಕ್ಕಿನ ಮರಿಗಳಲ್ಲಿ ಚಿಗಟ ತುಂಬಾ ಸಾಮಾನ್ಯ. ಮನೆಯವರನ್ನೆಲ್ಲ ಕಚ್ಚಿದರೂ ಚಿಕ್ಕ ಮಕ್ಕಳ ಚರ್ಮವೇ ಜಾಸ್ತಿ ಊದಿಕೊಳ್ಳುತ್ತದೆ. ಹಾಗಾಗಿ “ಅವನಿಗೆ ಮಾತ್ರ ಬಂದಿದೆ, ಅಲರ್ಜಿಯೇ ಇರಬೇಕು” ಅಂದುಕೊಳ್ಳುತ್ತೇವೆ. ಮರಿಯ ಬೆನ್ನಿನ ಕೂದಲನ್ನು ಬಾಲದ ಬುಡದಲ್ಲಿ ಬಿಡಿಸಿ ನೋಡಿ. ಕರಿ ಪುಡಿ ಕಂಡರೆ ಅದನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿ. ಕೆಂಪಾಗಿ ಹರಡಿದರೆ ಚಿಗಟ ಇದೆ ಎಂದೇ ಅರ್ಥ. ಪಶುವೈದ್ಯರಿಂದ ಬೆಕ್ಕಿಗೆ ಅಂತಲೇ ಇರುವ ಔಷಧಿ ಹಾಕಿಸಿ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಪುಡಿ ಅಥವಾ ಹನಿ ಹಾಕಿದರೆ ಬೆಕ್ಕು ಸತ್ತೇ ಹೋಗಬಹುದು. ಅಲ್ಲೇ ರೇಬೀಸ್ ಲಸಿಕೆಯ ವಿಷಯವನ್ನೂ ಕೇಳಿ. ಇನ್ನೊಂದು ಸಾಧ್ಯತೆಯೂ ಇದೆ. ಗುಳ್ಳೆಯ ಬದಲು ದುಂಡಗೆ, ಅಂಚು ಕೆಂಪಾಗಿ, ನಡುವೆ ತಿಳಿಯಾದ ಮಚ್ಚೆ ಇದ್ದರೆ ಅದು ಹುಳುಕಡ್ಡಿ. ಮರಿಗಳಿಂದ ಮಕ್ಕಳಿಗೆ ಸುಲಭವಾಗಿ ಅಂಟುತ್ತದೆ, ಮುಲಾಮಿನಲ್ಲಿ ವಾಸಿಯಾಗುತ್ತದೆ. ಇವೆರಡೂ ಅಲರ್ಜಿ ಪರೀಕ್ಷೆಗೆ ಹೋಗಬೇಕಾದ ವಿಷಯಗಳಲ್ಲ.

ಈಗ ಸಂಕ್ರಾಂತಿಯ ನಂತರದ್ದು. ಇಲ್ಲಿ ನನಗೆ ಅಲರ್ಜಿಯ ಲಕ್ಷಣ ಕಾಣುತ್ತಿದೆ. ಬೆಕ್ಕಿನ ಅಲರ್ಜಿ ಇರುವ ಸಾಧ್ಯತೆಯೇ ಜಾಸ್ತಿ. ಇದನ್ನು ನಾನು ಹೇಳುತ್ತಿರುವುದು ರಕ್ತ ಪರೀಕ್ಷೆ ನೋಡಿ ಅಲ್ಲ. ಬೆಕ್ಕನ್ನು ಮುಖಕ್ಕೆ ಒತ್ತಿಕೊಂಡಾಗ ಕಣ್ಣು ಊದಿತು, ದದ್ದು ಎದ್ದಿತು, ಒಂದು ಗಂಟೆಯಲ್ಲಿ ಇಳಿಯಿತು, ಎರಡನೇ ಸಲವೂ ಹಾಗೇ ಆಯಿತು ಅಂತ ನೀವು ಬರೆದಿದ್ದೀರಲ್ಲ, ಆ ಸಾಲಿನಿಂದ. ಮುಟ್ಟಿದ ಸ್ವಲ್ಪ ಹೊತ್ತಿಗೇ ಆಗುವುದು, ಮತ್ತೆ ಮುಟ್ಟಿದರೆ ಮತ್ತೆ ಆಗುವುದು. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಲ್ಯಾಬೂ ಕೊಡುವುದಿಲ್ಲ.

ಚಿಕ್ಕ ಮಕ್ಕಳಲ್ಲಿ ಏನು ನೋಡಬೇಕು

ಮೂರು ವರ್ಷದ ಮಗು “ಅಮ್ಮಾ, ನನಗೆ ಮೂಗಿನೊಳಗೆ ತುರಿಕೆ” ಅಂತ ಹೇಳುವುದಿಲ್ಲ. ಅಂಗೈಯಿಂದ ಮೂಗನ್ನು ಕೆಳಗಿನಿಂದ ಮೇಲಕ್ಕೆ ಉಜ್ಜುತ್ತದೆ. ತಿಂಗಳುಗಟ್ಟಲೆ ಹೀಗೆ ಉಜ್ಜಿದರೆ ಮೂಗಿನ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೆರೆ ಬೀಳುತ್ತದೆ. ಮುಖವನ್ನು ದಿಂಬಿಗೆ, ಅಮ್ಮನ ಭುಜಕ್ಕೆ ತಿಕ್ಕುತ್ತದೆ. ಬಾಯಿಯೊಳಗಿನ ಅಂಗುಳ ತುರಿಸಿದರೆ ನಾಲಿಗೆಯಿಂದ ಲೊಚಗುಟ್ಟುತ್ತದೆ. ಮೂಗು ಕಟ್ಟಿ ಬಾಯಿ ತೆರೆದು ಮಲಗುತ್ತದೆ, ಗೊರಕೆ ಹೊಡೆಯುತ್ತದೆ. ಕಣ್ಣಿನ ಕೆಳಗೆ ಕಪ್ಪಾಗುತ್ತದೆ. ನಮ್ಮಲ್ಲಿ ಮಗು ಮೂಗು ಉಜ್ಜಿದರೆ ಜಂತುಹುಳ, ಕಣ್ಣಿನ ಕೆಳಗೆ ಕಪ್ಪಾದರೆ ರಕ್ತ ಕಡಿಮೆ ಅಂತ ಮನೆಯಲ್ಲೇ ತೀರ್ಪು ಆಗಿಬಿಡುತ್ತದೆ. ಮೂಗು ಕಟ್ಟಿದಾಗ ಕಣ್ಣಿನ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ನಿಂತು ಆ ಬಣ್ಣ ಬರುತ್ತದೆ ಅಷ್ಟೇ.

ಇವೆಲ್ಲದರಲ್ಲಿ ತುರಿಕೆಯೇ ಮುಖ್ಯ. ತುರಿಕೆ ಇಲ್ಲದೆ ಬರೀ ಮೂಗು ಸೋರಿದರೆ ನಾನು ಸುಮ್ನೆ ಅಲರ್ಜಿ ಅನ್ನುವುದಿಲ್ಲ.

ವಯಸ್ಸನ್ನೂ ನೋಡಬೇಕು. ಉಸಿರಿನ ಜೊತೆ ಒಳಹೋಗುವ ವಸ್ತುಗಳಿಗೆ ಅಲರ್ಜಿ ಹುಟ್ಟಿದ ಕೂಡಲೇ ಬರುವುದಿಲ್ಲ. ದೇಹ ಆ ವಸ್ತುವನ್ನು ಕೆಲವು ಕಾಲ ಕಂಡು, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿದ ಮೇಲೆಯೇ ಬರುತ್ತದೆ. ಆರು ತಿಂಗಳ ಕೂಸಿಗೆ ಮೂಗು ಕಟ್ಟಿದೆ, ನಾಯಿಯ ಅಲರ್ಜಿ ಇರಬಹುದಾ ಅಂತ ಬರುವ ಬಹುತೇಕರಿಗೆ ನಾನು ಅಲ್ಲ ಅಂತಲೇ ಹೇಳುತ್ತೇನೆ. ನಿಮ್ಮ ಮಗನ ವಯಸ್ಸು ಮತ್ತು ಬೆಕ್ಕು ಬಂದು ಎರಡು ಎರಡೂವರೆ ತಿಂಗಳ ನಂತರ ಶುರುವಾಗಿದ್ದು ಎರಡೂ ಅಲರ್ಜಿಗೆ ಹೊಂದುತ್ತವೆ. ತಂದೆಗೋ ತಾಯಿಗೋ ಅಲರ್ಜಿಯ ಸೀನು, ಉಬ್ಬಸ ಇದ್ದರೆ ಸಾಧ್ಯತೆ ಇನ್ನೂ ಜಾಸ್ತಿ. ನೀವು ಆ ಬಗ್ಗೆ ಬರೆದಿಲ್ಲ, ಡಾಕ್ಟರ ಹತ್ತಿರ ಹೋದಾಗ ಹೇಳಿ.

ಆದರೆ ಬೆಳಿಗ್ಗೆ ಎದ್ದ ಕೂಡಲೇ ಬರುವ ಸೀನಿಗೆ ಇನ್ನೊಬ್ಬ ಆರೋಪಿ ಇದ್ದಾನೆ. ಅದು ಹಾಸಿಗೆಯೊಳಗಿನ ನುಸಿ. ಕಣ್ಣಿಗೆ ಕಾಣದ ಈ ಜೀವಿಗಳು ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಹತ್ತಿ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಬದುಕುತ್ತವೆ. ತೇವ ಇದ್ದಷ್ಟೂ ಅವುಗಳಿಗೆ ಸುಗ್ಗಿ. ಮಲೆನಾಡಿನ ಅಂಚಿನ ಊರು, ಹೆಂಚಿನ ಮನೆ, ಬಹುಶಃ ಹಳೆಯ ಹತ್ತಿ ಹಾಸಿಗೆ. ಇನ್ನು ಹೇಳಬೇಕೇ? ಬೆಕ್ಕೂ ಅದೇ ಹಾಸಿಗೆಯಲ್ಲಿ ಮಲಗುವುದರಿಂದ ಯಾರ ಪಾಲು ಎಷ್ಟು ಅಂತ ಹೊರಗಿನಿಂದ ಹೇಳುವುದು ಕಷ್ಟ. ಅದಕ್ಕೇ ಎರಡು ವಾರ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಸೀನು ಯಾವಾಗ ಬಂತು, ಆಗ ಬೆಕ್ಕು ಎಲ್ಲಿತ್ತು, ಹಾಸಿಗೆ ಕೊಡವಿದಾಗ ಏನಾಯಿತು, ನರ್ಸರಿಯಲ್ಲಿ ಹೇಗಿರುತ್ತಾನೆ, ಬೇರೆ ಮನೆಯಲ್ಲಿ ಮಲಗಿದ ದಿನ ಹೇಗಿದ್ದ. ಮನೆಯ ಹತ್ತಿರ ಕಾಂಗ್ರೆಸ್ ಗಿಡ ಹೂ ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಅದರ ಪರಾಗದಿಂದ ಮೂಗಿನ ಅಲರ್ಜಿ ಬರುವುದು ನಮ್ಮ ರಾಜ್ಯದಲ್ಲಿ ಹಳೆಯ ಕಥೆ.

ಅತ್ತೆಯವರ ಮಾತು, ಸ್ವಲ್ಪ ಸರಿ, ಸ್ವಲ್ಪ ತಪ್ಪು

ಬೆಕ್ಕಿಗೂ ಉಬ್ಬಸಕ್ಕೂ ಸಂಬಂಧ ಇದೆ ಅನ್ನುವುದನ್ನು ಹಿರಿಯರು ಸರಿಯಾಗಿಯೇ ಗಮನಿಸಿದ್ದಾರೆ. ದಾರಿ ಮಾತ್ರ ಬೇರೆ. ಕೂದಲು ಹೊಟ್ಟೆಗೆ ಹೋದರೆ ಮಲದ ಜೊತೆ ಹೊರಗೆ ಹೋಗುತ್ತದೆ, ಮುಗಿಯಿತು. ಅಲರ್ಜಿ ತರುವುದು ಕೂದಲಲ್ಲ, ಒಂದು ಪ್ರೋಟೀನು. ವೈದ್ಯರು ಅದನ್ನು ಫೆಲ್ ಡಿ 1 ಎಂದು ಕರೆಯುತ್ತಾರೆ. ಅದು ಬೆಕ್ಕಿನ ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಮತ್ತು ಜೊಲ್ಲಿನಲ್ಲಿ ತಯಾರಾಗುತ್ತದೆ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದಲ್ವಾ? ಜೊಲ್ಲು ಮೈಮೇಲೆ ಒಣಗಿ, ಚರ್ಮದ ಹೊಟ್ಟಿನ ಜೊತೆ ಪುಡಿಯಾಗಿ ಗಾಳಿಗೆ ಸೇರುತ್ತದೆ. ನಿಮ್ಮ ಮನೆಯ ಗಾಜಿನ ಹೆಂಚಿನಿಂದ ಬಿಸಿಲಕೋಲು ಇಳಿದಾಗ ಅದರಲ್ಲಿ ಧೂಳು ತೇಲುವುದು ಕಾಣುತ್ತದೆ. ಈ ಪುಡಿ ಅದಕ್ಕಿಂತಲೂ ಸಣ್ಣದು. ಗಂಟೆಗಟ್ಟಲೆ ತೇಲುತ್ತದೆ, ಗೋಡೆ, ಪರದೆ, ಬಟ್ಟೆಗೆಲ್ಲ ಅಂಟಿಕೊಳ್ಳುತ್ತದೆ. ಬೆಕ್ಕೇ ಇಲ್ಲದ ಮನೆಗಳಲ್ಲಿ, ಶಾಲೆಯ ಕೋಣೆಗಳಲ್ಲಿ ಕೂಡ ಇದು ಸಿಕ್ಕಿದೆ. ಬೆಕ್ಕು ಸಾಕುವವರ ಬಟ್ಟೆಯ ಜೊತೆ ಊರು ಸುತ್ತುತ್ತದೆ.

ಹಾಗಾಗಿ ಬೆಕ್ಕಿನ ಕೂದಲು ಕತ್ತರಿಸಿದರೆ, ಬೋಳಿಸಿದರೆ ಏನೂ ಉಪಯೋಗ ಇಲ್ಲ. ಸ್ನಾನ ಮಾಡಿಸಿದರೆ ಕೆಲವು ದಿನ ಕಡಿಮೆ ಆಗುತ್ತದೆ, ಮತ್ತೆ ಅಷ್ಟೇ ಆಗುತ್ತದೆ. ವಾರಕ್ಕೆರಡು ಸಲ ಬೆಕ್ಕಿಗೆ ಸ್ನಾನ ಮಾಡಿಸಿ ಅಂತ ಬರೆದವರು ಒಮ್ಮೆಯಾದರೂ ಮಾಡಿಸಿ ನೋಡಿದ್ದಾರಾ ಅಂತ ನನಗೆ ಅನುಮಾನ. ಒಂದು ವಿಷಯ ಮಾತ್ರ ಉಪಯೋಗಕ್ಕೆ ಬರುತ್ತದೆ. ಗಂಡು ಬೆಕ್ಕುಗಳಲ್ಲಿ ಈ ಪ್ರೋಟೀನು ಜಾಸ್ತಿ. ನಿಮ್ಮದು ಗಂಡು ಮರಿಯಾದರೆ ವಯಸ್ಸಿಗೆ ಬಂದಾಗ ಸಂತಾನಹರಣ ಚಿಕಿತ್ಸೆ ಮಾಡಿಸಿ. ಪ್ರಮಾಣ ಇಳಿಯುತ್ತದೆ.

ಮರಿ ತಂದದ್ದೇ ತಪ್ಪಾಯಿತಾ ಅಂತ ಕೇಳಿದ್ದೀರಿ. ಇಲ್ಲ. ಪ್ರಾಣಿಗಳ ನಡುವೆ ಬೆಳೆದ ಮಕ್ಕಳಿಗೆಲ್ಲ ಅಲರ್ಜಿ ಬರುವುದಿಲ್ಲ. ಸ್ವೀಡನ್‌ನಲ್ಲಿ 2001ರಿಂದ 2010ರ ನಡುವೆ ಹುಟ್ಟಿದ ಲಕ್ಷಾಂತರ ಮಕ್ಕಳ ದಾಖಲೆ ನೋಡಿದಾಗ, ಹುಟ್ಟಿದ ಮೊದಲ ವರ್ಷ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಶಾಲೆಯ ವಯಸ್ಸಿನಲ್ಲಿ ಅಸ್ತಮಾ ಸುಮಾರು 13% ಕಡಿಮೆ ಇತ್ತು. ಬೆಕ್ಕಿನ ವಿಷಯದಲ್ಲಿ ಇಂಥ ಸಾಕ್ಷ್ಯ ಒಂದೇ ದಿಕ್ಕಿಗೆ ಇಲ್ಲ. ಅಲರ್ಜಿ ಬಾರದಿರಲಿ ಅಂತ ನಾಯಿ ತರುವುದೂ ಬೇಡ, ಬಂದೀತು ಅಂತ ಹೆದರಿ ಇರುವ ಪ್ರಾಣಿಯನ್ನು ಓಡಿಸುವುದೂ ಬೇಡ. ಈಗಾಗಲೇ ಅಲರ್ಜಿ ಬಂದ ಮಗುವಿನ ಲೆಕ್ಕ ಮಾತ್ರ ಬೇರೆ. “ಇನ್ನಷ್ಟು ಆಡಲಿ, ಅಭ್ಯಾಸ ಆಗುತ್ತದೆ” ಅನ್ನುವುದನ್ನು ನಂಬಬೇಡಿ.

ಆ ರಿಪೋರ್ಟು

ಪ್ಯಾಕೇಜ್ ಪರೀಕ್ಷೆಗಳ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ರಕ್ತದಲ್ಲಿ ಒಂದು ವಸ್ತುವಿನ ಐಜಿಇ ಕಂಡರೆ ದೇಹ ಆ ವಸ್ತುವನ್ನು ಗುರುತು ಹಿಡಿದಿದೆ ಅಂತ ಮಾತ್ರ ಅರ್ಥ. ಗುರುತು ಹಿಡಿದ ಎಲ್ಲದಕ್ಕೂ ದೇಹ ಜಗಳ ತೆಗೆಯುವುದಿಲ್ಲ. ನಲವತ್ತು ವಸ್ತು ಹಾಕಿ ಪರೀಕ್ಷಿಸಿದರೆ ಆರೋಗ್ಯವಾಗಿರುವ ಮಗುವಿನಲ್ಲೂ ಐದಾರು ಪಾಸಿಟಿವ್ ಬರಬಹುದು. ಮೊದಲು ಅನುಮಾನ, ಆಮೇಲೆ ಅದನ್ನು ಖಾತ್ರಿ ಮಾಡಲು ಪರೀಕ್ಷೆ. ಉಲ್ಟಾ ಮಾಡಿದರೆ ನಿಮ್ಮ ಮನೆಯಲ್ಲಿ ಆದದ್ದೇ ಆಗುತ್ತದೆ. ಚಪಾತಿ ನಿಂತುಹೋಗುತ್ತದೆ.

ಈ ಪರೀಕ್ಷೆಗೆ ಮುಂಚೆ ಅವನು ಮೊಟ್ಟೆ, ಚಪಾತಿ ತಿನ್ನುತ್ತಿದ್ದನಾ? ತಿಂದ ಗಂಟೆ ಎರಡು ಗಂಟೆಯೊಳಗೆ ದದ್ದು, ವಾಂತಿ, ಊತ ಏನಾದರೂ ಆಗುತ್ತಿತ್ತಾ? ಇಲ್ಲ ಅಂದರೆ ಅವನಿಗೆ ಅವುಗಳ ಅಲರ್ಜಿ ಇಲ್ಲ ಅಂತಲೇ ಲೆಕ್ಕ. ಸುಮ್ನೆ ನಿಲ್ಲಿಸಿದರೆ ಬೆಳೆಯುವ ಮಗುವಿಗೆ ಪೌಷ್ಟಿಕ ಆಹಾರ ತಪ್ಪುತ್ತದೆ. ತಿನ್ನುತ್ತಿದ್ದ ಆಹಾರವನ್ನು ಬಹಳ ಕಾಲ ಬಿಟ್ಟರೆ, ಅದರಲ್ಲೂ ಎಕ್ಸಿಮಾ (ಚರ್ಮ ಒಣಗಿ ತುರಿಸುವ ತೊಂದರೆ) ಇರುವ ಮಕ್ಕಳಲ್ಲಿ, ನಿಜವಾದ ಅಲರ್ಜಿ ಹುಟ್ಟಿಕೊಳ್ಳುವ ಅಪಾಯವೂ ಇದೆ. ಎಷ್ಟು ದಿನದಿಂದ ನಿಲ್ಲಿಸಿದ್ದೀರಿ ಅಂತ ಡಾಕ್ಟರಿಗೆ ಹೇಳಿ, ಅವರನ್ನು ಕೇಳಿಕೊಂಡೇ ಮತ್ತೆ ಶುರು ಮಾಡಿ.

ಟೋಟಲ್ ಐಜಿಇ ಜಾಸ್ತಿ ಇರುವುದಕ್ಕೆ ಹೊಟ್ಟೆಯ ಜಂತುಹುಳ ಕೂಡ ಕಾರಣ ಆಗಬಹುದು. ನಮ್ಮ ಕಡೆ ಮಕ್ಕಳಲ್ಲಿ ಆ ಒಂದು ಅಂಕಿಯಿಂದ ನಾನು ಏನನ್ನೂ ತೀರ್ಮಾನಿಸುವುದಿಲ್ಲ.

ಅನುಮಾನ ಉಳಿದರೆ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದೆ, ಪ್ರಿಕ್ ಟೆಸ್ಟ್. ಕೈ ಅಥವಾ ಬೆನ್ನಿನ ಮೇಲೆ ಒಂದೊಂದು ಹನಿ ದ್ರಾವಣ ಇಟ್ಟು ಮೇಲ್ಮೈಯನ್ನು ಸ್ವಲ್ಪ ಗೀರುತ್ತಾರೆ. ರಕ್ತ ಬರುವುದಿಲ್ಲ. 15–20 ನಿಮಿಷದಲ್ಲಿ ಸೊಳ್ಳೆ ಕಚ್ಚಿದಂತೆ ಗುಳ್ಳೆ ಎದ್ದು 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾದರೆ ಪಾಸಿಟಿವ್. ನಿಮ್ಮ ಮಗನ ವಯಸ್ಸಿಗೆ ಮಾಡಬಹುದು. ಸೆಟಿರಿಜಿನ್ ಥರದ ಅಲರ್ಜಿ ಔಷಧಿ ಕೊಡುತ್ತಿದ್ದರೆ ಸುಮಾರು ಒಂದು ವಾರ ಮುಂಚೆ ನಿಲ್ಲಿಸಬೇಕಾಗುತ್ತದೆ. ನಿಮ್ಮ ವಿಷಯದಲ್ಲಿ ಬೆಕ್ಕು, ನುಸಿ, ಜಿರಳೆ, ಒಂದೆರಡು ಪರಾಗ ನೋಡಿದರೆ ಸಾಕು.

ನನ್ನ ತಲೆಯಲ್ಲಿ ಕೂತಿರುವುದು ಆ ಕೆಮ್ಮು

ನೀವು ಕೆಮ್ಮನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ನನಗೆ ಪತ್ರದಲ್ಲಿ ಅದೇ ದೊಡ್ಡ ವಿಷಯ. ಮೂಗಿನ ಅಲರ್ಜಿಯಲ್ಲಿ ಸಿಂಬಳ ಗಂಟಲಿಗೆ ಇಳಿದು ರಾತ್ರಿ ಕೆಮ್ಮು ಬರಬಹುದು. ಆದರೆ ನಸುಕಿನಲ್ಲೇ ಬರುವ ಕೆಮ್ಮು ಅಸ್ತಮಾದ ಶುರುವೂ ಆಗಿರಬಹುದು. ಓಡಿ ಆಡುವಾಗ, ಜೋರಾಗಿ ನಗುವಾಗ ಕೆಮ್ಮುತ್ತಾನಾ? ಎದೆಗೆ ಕಿವಿ ಇಟ್ಟರೆ ಸಿಳ್ಳೆಯ ಸದ್ದು ಬರುತ್ತದಾ? ಈ ವಯಸ್ಸಿಗೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆ ಸರಿಯಾಗಿ ಮಾಡಲು ಆಗುವುದಿಲ್ಲ. ಡಾಕ್ಟರು ಎದೆ ಕೇಳಿ, ನಿಮ್ಮನ್ನು ಕೇಳಿ ತೀರ್ಮಾನಿಸಬೇಕು. ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಕೆಮ್ಮುವಾಗಿನ ಒಂದು ವಿಡಿಯೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಆಸ್ಪತ್ರೆಗೆ ಬಂದ ಕೂಡಲೇ ಮಕ್ಕಳ ಕೆಮ್ಮು ಮಾಯ ಆಗುವುದು ಎಲ್ಲ ತಾಯಂದಿರಿಗೂ ಗೊತ್ತು.

ಉಸಿರಾಡುವಾಗ ಪಕ್ಕೆಲುಬಿನ ನಡುವೆ, ಕತ್ತಿನ ಬುಡದಲ್ಲಿ ಚರ್ಮ ಒಳಕ್ಕೆ ಎಳೆದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ವಾರದ ಮಾತಿಲ್ಲ. ರಾತ್ರಿ ಎಷ್ಟೇ ಹೊತ್ತಾಗಿರಲಿ ಆಗಲೇ ಆಸ್ಪತ್ರೆಗೆ ಹೊರಡಿ. ಊತ ಕಣ್ಣಿನಿಂದ ತುಟಿ, ನಾಲಿಗೆಗೆ ಹರಡಿದರೂ, ದದ್ದಿನ ಜೊತೆ ವಾಂತಿ ಅಥವಾ ಉಸಿರಿನ ತೊಂದರೆ ಆದರೂ ಹಾಗೆಯೇ.

ಅಸ್ತಮಾ ಅಂದ ಕೂಡಲೇ ಬೆಕ್ಕನ್ನಷ್ಟೇ ನೋಡಬೇಡಿ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 18 ವರ್ಷದೊಳಗಿನ 20,000 ಮಕ್ಕಳ ಲೆಕ್ಕ ಇಟ್ಟು ನೋಡಿದಾಗ ಅಸ್ತಮಾ 1979ರಲ್ಲಿ 9% ಇದ್ದದ್ದು 1999ಕ್ಕೆ 29.5% ಆಗಿತ್ತು. ಅವರು ಅದಕ್ಕೆ ತಳಕು ಹಾಕಿದ್ದು ನಗರದ ಬೆಳವಣಿಗೆ, ಕೆಟ್ಟ ಗಾಳಿ, ಸಿಗರೇಟಿನ ಹೊಗೆಗೆ. ಮನೆಯೊಳಗಿನ ಹೊಗೆಯ ಪಟ್ಟಿ ಮಾಡಿ ನೋಡಿ. ಸ್ನಾನದ ನಂತರ ಹಾಕುವ ಸಾಂಬ್ರಾಣಿ, ದೇವರ ಮುಂದಿನ ಊದುಬತ್ತಿ, ರಾತ್ರಿಯ ಸೊಳ್ಳೆ ಬತ್ತಿ, ಯಾರದ್ದಾದರೂ ಬೀಡಿ ಸಿಗರೇಟು. ಇವು ಅಲರ್ಜಿ ತರುವುದಿಲ್ಲ, ಆದರೆ ಅಲರ್ಜಿಯಿಂದ ಊದಿಕೊಂಡ ಶ್ವಾಸನಾಳವನ್ನು ಕೆರಳಿಸುತ್ತವೆ. ಸೊಳ್ಳೆಗೆ ಪರದೆ ಕಟ್ಟಿ. ಧೂಪದ ವಿಷಯ ಅತ್ತೆಯವರ ಹತ್ತಿರ ಮಾತಾಡುವುದು ಸುಲಭ ಅಲ್ಲ, ಗೊತ್ತು. ಬೇಕಾದರೆ ಡಾಕ್ಟರು ಹೇಳಿದರು ಅಂತ ನನ್ನ ಮೇಲೆ ಹಾಕಿ.

ಬೆಕ್ಕು ಇರಬೇಕಾ, ಹೋಗಬೇಕಾ

ಅಲರ್ಜಿ ಖಾತ್ರಿಯಾದರೆ, ಬೆಕ್ಕು ಮನೆಯಿಂದ ಹೋಗುವುದೇ ಅತಿ ಒಳ್ಳೆಯ ಚಿಕಿತ್ಸೆ. ಇದನ್ನು ಮುಚ್ಚಿಡುವುದಿಲ್ಲ. ಆದರೆ ಅತಿ ಒಳ್ಳೆಯದೇ ಮೊದಲ ಹೆಜ್ಜೆ ಆಗಬೇಕು ಅಂತ ಇಲ್ಲ. ಬೆಕ್ಕು ಹೋದ ಮೇಲೂ ಆ ಪ್ರೋಟೀನು ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಇಳಿಯಲು 4ರಿಂದ 6 ತಿಂಗಳು ಬೇಕು. “ಬೆಕ್ಕು ಬಿಟ್ಟು ಬಂದು ಹದಿನೈದು ದಿನ ಆಯಿತು, ಏನೂ ಕಡಿಮೆ ಆಗಲಿಲ್ಲ, ಹಾಗಾದರೆ ಅದು ಕಾರಣ ಅಲ್ಲ” ಅಂತ ತೀರ್ಮಾನಿಸಿದವರನ್ನು ನೋಡಿದ್ದೇನೆ. ಆ ತೀರ್ಮಾನ ತಪ್ಪು.

ನಾನು ನಿಮ್ಮ ಜಾಗದಲ್ಲಿದ್ದರೆ ಡಾಕ್ಟರು ಕೆಮ್ಮಿನ ಬಗ್ಗೆ ಏನು ಹೇಳುತ್ತಾರೆ ಅನ್ನುವುದರ ಮೇಲೆ ನಿರ್ಧರಿಸುತ್ತೇನೆ. ಎದೆ ಸ್ವಚ್ಛವಾಗಿದ್ದು ತೊಂದರೆ ಮೂಗು ಕಣ್ಣಿಗಷ್ಟೇ ಇದ್ದರೆ ಮೂರು ತಿಂಗಳು ಬೆಕ್ಕನ್ನು ಇಟ್ಟುಕೊಂಡೇ ಪ್ರಯತ್ನ ಮಾಡಬಹುದು. ಅಸ್ತಮಾ ಅಂತ ಆಗಿ, ಔಷಧಿ ಸರಿಯಾಗಿ ಕೊಟ್ಟರೂ ಹತೋಟಿಗೆ ಬರದಿದ್ದರೆ ಬೆಕ್ಕಿಗೆ ಬೇರೆ ಮನೆ ಹುಡುಕಬೇಕು. ಆಗ ಮಗಳ ಅಳುವಿಗೆ ಸೋಲಬೇಡಿ. ಮನೆ ಹುಡುಕಬೇಕು ಅಂದೆ, ಮಾರ್ಕೆಟ್ಟಿನಲ್ಲಿ ಬಿಟ್ಟು ಬರಬೇಕು ಅನ್ನಲಿಲ್ಲ. ನಡುರಾತ್ರಿ ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದು ಬೇಡ. ಚಿಕ್ಕ ಮಕ್ಕಳಿಲ್ಲದ ನೆಂಟರೋ ಪರಿಚಯದವರೋ ಸಿಗುತ್ತಾರೆ. ಮಗಳು ಹೋಗಿ ನೋಡಿ ಬರುವ ಹಾಗಿದ್ದರೆ ಇನ್ನೂ ಒಳ್ಳೆಯದು.

ಇಟ್ಟುಕೊಂಡು ಪ್ರಯತ್ನ ಅಂದರೆ ಏನು? ಇವತ್ತು ರಾತ್ರಿಯಿಂದಲೇ ಬೆಕ್ಕು ಮಕ್ಕಳು ಮಲಗುವ ಕೋಣೆಗೆ ಬರಬಾರದು. ಹಗಲೂ ಬರಬಾರದು, ಬಾಗಿಲು ಹಾಕಿರಲಿ. ಉಳಿದ ಯಾವುದನ್ನು ಮಾಡಿದರೂ ಇದನ್ನು ಮಾಡದಿದ್ದರೆ ಉಪಯೋಗ ಇಲ್ಲ. ಮಗು ದಿನದಲ್ಲಿ ಹತ್ತು ಗಂಟೆ ಮುಖ ಊರಿ ಮಲಗುವ ಜಾಗ ಅದು. ಬೆಕ್ಕು ಮಲಗಿದ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆಯಿರಿ. ಇದರಿಂದ ನುಸಿಯೂ ಸಾಯುತ್ತದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಮಗನನ್ನು ದೂರ ಕಳಿಸಿ ಕೊಡವಿ, ಆಮೇಲೆ ಜಿಪ್ ಇರುವ ಒತ್ತಾದ ನೇಯ್ಗೆಯ ಕವರ್ ಹಾಕಿ. ಪೊರಕೆಯಲ್ಲಿ ಗುಡಿಸಿದರೆ ನೆಲದ ಪುಡಿ ಮತ್ತೆ ಗಾಳಿಗೇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಮನೆಯ ಸಿಮೆಂಟ್ ನೆಲ ಇದಕ್ಕೆ ಎಷ್ಟೋ ವಾಸಿ, ಕಾರ್ಪೆಟ್ ಹಾಕಬೇಡಿ. ಬೆಕ್ಕಿನ ಜೊತೆ ಆಡಿದ ಮೇಲೆ ಮಗನ ಕೈ, ಮುಖ ತೊಳೆಸಿ. ಮಗಳಿಗೂ ಹೇಳಿ, ಬೆಕ್ಕನ್ನು ಎತ್ತಿಕೊಂಡ ಬಟ್ಟೆಯಲ್ಲೇ ತಮ್ಮನ ಹಾಸಿಗೆಗೆ ಹಾರುವ ಹಾಗಿಲ್ಲ. ತೀರಾ ಸಣ್ಣ ಪುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧಿ ಯಂತ್ರ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಹೆಂಚಿನ ಸಂದಿಯಲ್ಲಿ ಗಾಳಿ ಆಡುವ ಮನೆಗೆ ಅಷ್ಟು ದುಡ್ಡು ಹಾಕಿ ಅಂತ ನಾನು ಹೇಳುವುದಿಲ್ಲ.

ಔಷಧಿಯಲ್ಲಿ ಮೊದಲು ಉಪ್ಪುನೀರಿನ ಮೂಗಿನ ಹನಿ, ಆಮೇಲೆ ಅಷ್ಟಾಗಿ ನಿದ್ದೆ ಬರಿಸದ ಸೆಟಿರಿಜಿನ್ ಥರದ್ದು. ದಿನವೂ ಮೂಗು ಕಟ್ಟುತ್ತಿದ್ದರೆ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಬೇಡಿ. ಎರಡು ವರ್ಷ ದಾಟಿದ ಮಕ್ಕಳಿಗೆ ಕೊಡಬಹುದಾದ ಸ್ಪ್ರೇಗಳಿವೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ತುದಿಯನ್ನು ಮೂಗಿನ ನಡುಗೋಡೆಯ ಕಡೆ ಅಲ್ಲ, ಕಿವಿಯ ಕಡೆ ತಿರುಗಿಸಿ ಹೊಡೆಯಬೇಕು. ಫಲ ಕಾಣಲು ಕೆಲವು ದಿನ ಬೇಕು. ಇನ್‌ಹೇಲರ್ ಬರೆದುಕೊಟ್ಟರೆ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಮತ್ತು ಮಾಸ್ಕ್ ಹಾಕಿಯೇ ಕೊಡಿ. ಅದು ಚಟವಾಗುತ್ತದೆ ಅನ್ನುವುದು ಸುಳ್ಳು. ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಸಿರಪ್ ಮಾತ್ರ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲಿ ನಮ್ಮ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ.

ಅಲರ್ಜಿಯ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ಒಗ್ಗಿಸುವ ಇಮ್ಯುನೋಥೆರಪಿಯ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು 3ರಿಂದ 5 ವರ್ಷದ ಕೆಲಸ. ಚುಚ್ಚಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಬೇಕು, ಯಾಕೆಂದರೆ ಅಪರೂಪಕ್ಕೆ ಜೀವಕ್ಕೇ ಅಪಾಯವಾಗುವ ರಿಯಾಕ್ಷನ್ ಆಗುತ್ತದೆ. ಸಾಮಾನ್ಯವಾಗಿ ಐದು ವರ್ಷದ ನಂತರ ಯೋಚಿಸುತ್ತೇವೆ. ಅಸ್ತಮಾ ಹತೋಟಿಯಲ್ಲಿ ಇಲ್ಲದಿದ್ದರೆ ಮಾಡುವುದಿಲ್ಲ. ಈಗ ನಿಮಗೆ ಬೇಡ.

ಕೊನೆಗೆ ನಿಮ್ಮ ಯಜಮಾನರ ಗುಂಗುರು ಕೂದಲಿನ ನಾಯಿ. ಪೂಡಲ್, ಲ್ಯಾಬ್ರಡೂಡಲ್ ಥರದ ನಾಯಿಗಳನ್ನು ಅಲರ್ಜಿ ಆಗದ ತಳಿ ಅಂತ ಭಾರೀ ಬೆಲೆಗೆ ಮಾರುತ್ತಾರೆ. ಆ ನಾಯಿಗಳಿರುವ ಮನೆಯ ಧೂಳನ್ನು ಅಳೆದು ನೋಡಿದಾಗ ನಾಯಿಯ ಅಲರ್ಜಿ ಪ್ರೋಟೀನು ಬೇರೆ ನಾಯಿಗಳ ಮನೆಗಿಂತ ಕಡಿಮೆ ಇರಲಿಲ್ಲ. ಕೂದಲು ಉದುರದಿದ್ದರೇನು, ಜೊಲ್ಲು ಇರುತ್ತದೆ, ಚರ್ಮದ ಹೊಟ್ಟು ಇರುತ್ತದೆ. ನಾಯಿಯ ಒಂದು ಪ್ರೋಟೀನು ಮಾತ್ರ ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುತ್ತದೆ. ಅದೊಂದಕ್ಕೇ ಅಲರ್ಜಿ ಇರುವವರು ಹೆಣ್ಣು ನಾಯಿಯ ಜೊತೆ ಆರಾಮಾಗಿ ಇರಬಲ್ಲರು. ಆದರೆ ಅದು ನಿಮ್ಮ ಮಗನ ಕಥೆ ಅಂತ ಹೇಳಲು ಈಗ ಯಾವ ಆಧಾರವೂ ಇಲ್ಲ. ಒಂದು ಪ್ರಾಣಿಗೆ ಅಲರ್ಜಿ ಬಂದ ಮಗುವಿಗೆ ಇನ್ನೊಂದಕ್ಕೂ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಬೆಕ್ಕಿನ ಬದಲು ನಾಯಿ ಅನ್ನುವ ವ್ಯಾಪಾರ ಸದ್ಯಕ್ಕೆ ಬೇಡ. ಮೊದಲು ಕೆಮ್ಮು ನಿಲ್ಲಲಿ, ಔಷಧಿ ಇಲ್ಲದೆ ಒಂದು ಮಳೆಗಾಲ ಕಳೆಯಲಿ. ಅಷ್ಟಾದ ಮೇಲೂ ಅವರಿಗೆ ನಾಯಿ ಬೇಕೇ ಬೇಕು ಅನ್ನಿಸಿದರೆ, ನಾಯಿ ಇರುವ ಪರಿಚಯದವರ ಮನೆಗೆ ಮಗನನ್ನು ನಾಲ್ಕೈದು ಸಲ ಕರೆದುಕೊಂಡು ಹೋಗಿ, ಅರ್ಧ ದಿನ ಆಡಲು ಬಿಟ್ಟು, ಮನೆಗೆ ಬಂದ ಮೇಲೆ ರಾತ್ರಿ ಹೇಗಿರುತ್ತಾನೆ ಅಂತ ಅದೇ ಪುಸ್ತಕದಲ್ಲಿ ಬರೆದಿಟ್ಟು, ಡಾಕ್ಟರಿಗೆ ತೋರಿಸಿ ಕೇಳಿ.